ಏಡಿ ಕುಂಟುತ್ತಿದೆ ಮಾರಾಯ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ "ಎಂತ ಮಾರಾಯ, ನಿನ್ನ ರೈಲು ಓಡಿತಾ?" ಅಂತ ಕೇಳಿದೆಯಲ್ಲ, ನಾನು ಮಳೆಯ ಸುದ್ದಿ ತೆಗೆದೆ. ಓಡಲಿಲ್ಲ. ಕುಂಟಿತು. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯುವ ಕತೆಯಲ್ಲ, ಅದಕ್ಕೇ ಈ ಪತ್ರ.

ನಾನು ಮನೆಯಲ್ಲಿ ಮಾಡುತ್ತಿರುವ ಪುಟ್ಟ ಮಾದರಿ ಯಾವ ಇಂಜಿನ್ನಿನದು ಅಂತ ನಿನಗೆ ಗೊತ್ತು. ಹಳೇ ಎಲೆಕ್ಟ್ರಿಕ್ ಇಂಜಿನ್ ಡಬ್ಲ್ಯೂಸಿಜಿ-1, ಇಲ್ಲಿಯವರ ಬಾಯಲ್ಲಿ ಖೇಕ್ಡಾ, ಅಂದರೆ ನಮ್ಮ ಏಡಿ. 1985ರಲ್ಲಿ ಊರಿಂದ ಬಂದು ಮಾವನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಕಾಲಕ್ಕೆ ಕಲ್ಯಾಣ ಯಾರ್ಡಿನಲ್ಲಿ ಅದನ್ನು ಮೊದಲು ಕಂಡೆ. ನಡುವೆ ಡಬ್ಬಿ, ಎರಡೂ ಕಡೆ ಉದ್ದ ಮೂತಿ, ಕೆಳಗೆ ಅಡ್ಡಡ್ಡ ಆಡುವ ಕಬ್ಬಿಣದ ಕಾಲು. ಕರಾವಳಿಯ ಹುಡುಗನಿಗೆ ಅದು ಏಡಿ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. 1,500 ವೋಲ್ಟ್ ಡಿಸಿ ಕರೆಂಟು ಕುಡಿದು, 2,600 ಅಶ್ವಶಕ್ತಿಯಲ್ಲಿ, ಮೂವತ್ತೇಳು ಅಡಿಗೆ ಒಂದಡಿ ಏರುವ ಭೋರ್ ಘಾಟಿಯಲ್ಲಿ ಗೂಡ್ಸ್ ಎಳೆದ ಜೀವ. ಸ್ವಿಸ್ ವಿನ್ಯಾಸ. ಈಗ ಒಂದು ವರ್ಲಿಯ ನೆಹರೂ ವಿಜ್ಞಾನ ಕೇಂದ್ರದ ಅಂಗಳದಲ್ಲಿ ನಿಂತಿದೆ. ಟೇಪು ಹಿಡಿದು ಅದರ ಸುತ್ತ ಎಷ್ಟು ಭಾನುವಾರ ತಿರುಗಿದೆನೋ, ವಾಚ್‌ಮನ್ ಚಹಾ ಕೊಡುವಷ್ಟು ಪರಿಚಯವಾದ.

ನನ್ನ ಹಳಿ 127 ಮಿ.ಮೀ., ಅಂದರೆ ಐದಿಂಚು. ನಿಜವಾದ ಬ್ರಾಡ್‌ಗೇಜ್ 1,676. ಭಾಗಿಸಿದರೆ 13.2ರಲ್ಲಿ ಒಂದು ಪಾಲು. ಒಂದೂವರೆ ಮೀಟರಿನ ಈ ಇಂಜಿನ್ನಿಗೆ ಅಂಗಡಿಯಲ್ಲಿ ಒಂದು ಬಿಡಿಭಾಗವೂ ಸಿಗುವುದಿಲ್ಲ. ಹನ್ನೆರಡು ಚಕ್ರಕ್ಕೆ ಸಾಗುವಾನಿಯಲ್ಲಿ ಪ್ಯಾಟರ್ನ್, ಅಂದರೆ ಎರಕ ಹೊಯ್ಯಲು ಮರದ ಮಾದರಿ, ಕೆತ್ತಿದೆ. ಬೀಡು ಆರಿದಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ, ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಬೇರಿಂಗು, ರಂಧ್ರ ನಯ ಮಾಡುವ ರೀಮರು ಮುಂಬಯಿಯ ನಾಗದೇವಿ ಸ್ಟ್ರೀಟಿನಿಂದ. 24 ವೋಲ್ಟಿನ ಮೋಟಾರು ಒಂದು ಎಲೆಕ್ಟ್ರಿಕ್ ಸ್ಕೂಟರಿನದು. ಮೇಲಿನ ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಬರೀ ಶೋಕಿಗೆ, ಕರೆಂಟು ಒಳಗಿನ ಬ್ಯಾಟರಿಯದು.

ಇನ್ನು ಕುಂಟಿನ ವಿಷಯ. ಇವತ್ತಿನ ಇಂಜಿನ್ನುಗಳಲ್ಲಿ ಪ್ರತಿ ಆಕ್ಸಲ್ಲಿಗೂ ಅದರದೇ ಮೋಟಾರು. ಖೇಕ್ಡಾದಲ್ಲಿ ಹಾಗಲ್ಲ. ಮೋಟಾರು ಮೂತಿಯೊಳಗೆ, ಅದು ಗೇರಿನಿಂದ ಜ್ಯಾಕ್‌ಶಾಫ್ಟ್ ಎಂಬ ಅಡ್ಡ ದಂಡವನ್ನು ತಿರುಗಿಸುತ್ತದೆ, ಅಲ್ಲಿಂದ ಉದ್ದ ರಾಡುಗಳು ಆ ಮೂತಿಯ ಕೆಳಗಿನ ಮೂರು ಆಕ್ಸಲ್ಲನ್ನೂ ಒಟ್ಟಿಗೆ ಎಳೆಯುತ್ತವೆ. ಚಕ್ರಕ್ಕೆ ರಾಡು ಸಿಕ್ಕಿಸುವುದು ಒಂದು ಪಿನ್ನಿನಲ್ಲಿ. ಸೈಕಲ್ಲಿನ ಪೆಡಲು ನೆತ್ತಿಗೆ ಬಂದಾಗ ಎಷ್ಟು ಒತ್ತಿದರೂ ದಂಡ, ಅಲ್ಲವಾ? ರಾಡಿಗೂ ಅಂಥ ಸತ್ತ ಜಾಗ ಉಂಟು. ಎರಡೂ ಬದಿ ಒಟ್ಟಿಗೆ ಸಾಯಬಾರದೆಂದು ಎಡದ ಪಿನ್ನಿಗೂ ಬಲದ ಪಿನ್ನಿಗೂ 90 ಡಿಗ್ರಿ ಅಂತರ ಇಡುತ್ತಾರೆ. ನಿಜ ಹೇಳಬೇಕೆಂದರೆ 90 ಆಗದೆ 88 ಆದರೂ ಅಡ್ಡಿಯಿಲ್ಲ. ಆದರೆ ಎಲ್ಲಾ ಆಕ್ಸಲ್ಲಿಗೂ ಅದೇ 88 ಇರಬೇಕು!

ನನ್ನ ನಡುವಿನ ಆಕ್ಸಲ್ ಒಂದೇ ಒಂದು ಡಿಗ್ರಿ ತಪ್ಪಿತ್ತು. ಪಿನ್ನು ಕೇಂದ್ರದಿಂದ 22 ಮಿ.ಮೀ. ದೂರ, ಅಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 0.4 ಮಿ.ಮೀ. ಪಿನ್ನು ತೂರುವ ಗನ್‌ಮೆಟಲ್ ಬಳೆಯಲ್ಲಿ, ಅಂದರೆ ಬುಷ್ಷಿನಲ್ಲಿ, ನಾನು ಬಿಟ್ಟ ಸಡಿಲ 0.1. ಎರಡು ಬದಿಯ ಪಿನ್ನೂ ಓರೆಯಲ್ಲಿ ನಿಂತಾಗೆಲ್ಲ, ಚಕ್ರದ ಒಂದು ಸುತ್ತಿನಲ್ಲಿ ನಾಲ್ಕು ಸಲ, ಕಟಕ್. ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ಹಳಿ ಹಾಸಿ ಮಕ್ಕಳನ್ನೆಲ್ಲ ಕರೆದು ನಿಲ್ಲಿಸಿದ್ದೆ. ಕಟಕ್, ಕಟಕ್, ಫ್ಯೂಸು ಹೋಯಿತು. ಮಕ್ಕಳು ಕೈ ತಟ್ಟಿದರು, ಅದು ಇನ್ನೂ ಬೇಜಾರು.

ಮರುದಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಗಾಳಾಕ್ಕೆ, ಅಂದರೆ ಪುಟ್ಟ ವರ್ಕ್‌ಶಾಪಿಗೆ, ಹೋಗಿ ಚಕ್ರ, ಆಕ್ಸಲ್ ಕಡೆದುಕೊಟ್ಟ ಲೇಥಿನವನ ಮೇಲೆ ಹಾರಾಡಿದೆ. ಅವನು ಏನೂ ಮಾತಾಡದೆ ಅಳತೆಯ ಡಯಲ್ ಹಚ್ಚಿ ತೋರಿಸಿದ: ಚಕ್ರ, ಆಕ್ಸಲ್, ರಂಧ್ರ, ಎಲ್ಲಾ ನೇರ್ಪು. ತಪ್ಪು ನನ್ನದೇ. ಕೊನೇ ಚಕ್ರವನ್ನು ಆಕ್ಸಲ್ಲಿಗೆ ಅಂಟಿಸುವಾಗ ಮೂಲೆಮಟ್ಟ ಇಟ್ಟು ಕಣ್ಣಂದಾಜಿನಲ್ಲಿ ಕೂರಿಸಿದ್ದೆ. ಅವನಿಗೆ ವಡಾಪಾವ್ ಕೊಡಿಸಿ ಸುಮ್ಮನೆ ಬಂದೆ.

ಆ ಅಂಟು ಬಿಡಬೇಕಾದರೆ 250 ಡಿಗ್ರಿ ಕಾವು ಬೇಕು. ಅಡುಗೆಮನೆಯ ಗ್ಯಾಸಿನ ಮೇಲೆ ಚಕ್ರ ಇಟ್ಟೆ. ವಾಸನೆ ಹೊಡೆದು ಇವಳು ಓಡಿ ಬಂದು, "ನಾಳೆ ಇದರಲ್ಲೇ ನೀರ್‌ದೋಸೆ ಹೊಯ್ಯಲಾ?" ಅಂದಳು. ಉತ್ತರ ಇರಲಿಲ್ಲ. ಚಕ್ರವಂತೂ ಬಿಟ್ಟಿತು. ಈಗ ದಪ್ಪ ತಗಡಿನ ಮೇಲೆ ಆಕ್ಸಲ್ ಕೂರುವ ವಿ ಆಕಾರದ ತೋಡಿನ ಎರಡು ಬ್ಲಾಕ್ ಕೂರಿಸಿ ಜಿಗ್, ಅಂದರೆ ಹಿಡಿದು ನಿಲ್ಲಿಸುವ ಚೌಕಟ್ಟು, ಮಾಡಿದ್ದೇನೆ. ಒಂದು ಪಿನ್ನು ಅಡ್ಡ ನಿಲುಗಡೆಗೆ, ಇನ್ನೊಂದು ನೆಟ್ಟಗಿನ ನಿಲುಗಡೆಗೆ ತಾಗಿ ಕೂರಬೇಕು, ಅಂಟು ಆರುವ ತನಕ ಅಲ್ಲಾಡುವ ಹಾಗಿಲ್ಲ. ಜಿಗ್ಗೇ ಒಂದು ಕೂದಲು ತಪ್ಪಿದ್ದರೂ ಎಲ್ಲಾ ಆಕ್ಸಲ್ ಒಂದೇ ರೀತಿ ತಪ್ಪುತ್ತವೆ. ಏಡಿ ಅದನ್ನು ಕ್ಷಮಿಸುತ್ತದೆ.

ಮೊದಲ ಬೋಗಿಯ (ಪ್ರಯಾಣಿಕರ ಡಬ್ಬಿಯಲ್ಲ, ಮೂತಿಯ ಕೆಳಗಿನ ಚಕ್ರಗಳ ಚೌಕಟ್ಟು) ಮೂರೂ ಆಕ್ಸಲ್ ನಿನ್ನೆ ಕೂರಿಸಿದೆ. ರಾಡು ಹಾಕಿ ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲ. ಇನ್ನೊಂದು ಬೋಗಿಗೆ ಎರಡು ಕೈ ಸಾಲದು. ಒಬ್ಬರು ಹಿಡಿಯಬೇಕು, ಒಬ್ಬರು ಚಕ್ರ ಒತ್ತಬೇಕು, ಅಂಟು ಕಚ್ಚಲು ಸಿಗುವುದು ನಿಮಿಷಗಳ ಲೆಕ್ಕ. ಇವಳಂತೂ ಗ್ಯಾಸ್ ಪ್ರಕರಣದ ನಂತರ ಈ ಕೋಣೆಗೆ ಕಾಲಿಡುತ್ತಿಲ್ಲ. ಮದುವೆಗೆಂದು ಮುಂದಿನ ತಿಂಗಳು ಹೇಗೂ ಬರುತ್ತೀಯಲ್ಲ, ಎರಡು ದಿನ ಮೊದಲೇ ಬಾ. ಮತ್ಸ್ಯಗಂಧದಲ್ಲಿ ಬಂದರೆ ಠಾಣೆಯಲ್ಲಿ ಇಳಿ, ನಾನು ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ. ಹಳೇ ಅಂಗಿ ತಾ, ಗ್ರೀಸು ಹೋಗುವುದಿಲ್ಲ.

ನಿನ್ನ
ಡೊಂಬಿವಲಿಯ ಹುಚ್ಚ