ಸೇಬು, ಸ್ಟ್ರಾಬೆರಿ ಸಾಕು. ನಮ್ಮ ಮಕ್ಕಳಿಗೆ ರೊಟ್ಟಿಯ ಚಿತ್ರ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಏಪ್ರಿಲ್ 2 ಹತ್ತಿರ ಬಂದರೆ ಪತ್ರಿಕೆಗಳಲ್ಲಿ ಆಟಿಸಂ ಬಗ್ಗೆ, ಅಂದರೆ ಮಾತು, ಜನರ ಜೊತೆ ಬೆರೆಯುವುದು, ನಡವಳಿಕೆ ಎಲ್ಲ ಬೇರೆಯೇ ರೀತಿಯಲ್ಲಿ ಬೆಳೆಯುವ ಮಕ್ಕಳ ಬಗ್ಗೆ, ಲೇಖನಗಳು ಬರುತ್ತವೆ. 2007ರಲ್ಲಿ ವಿಶ್ವಸಂಸ್ಥೆ ಅದನ್ನು ವಿಶ್ವ ಆಟಿಸಂ ಜಾಗೃತಿ ದಿನ ಅಂತ ಗೊತ್ತು ಮಾಡಿತು, 2008ರಿಂದ ಆಚರಣೆ ನಡೆಯುತ್ತಿದೆ. ನೀಲಿ ದೀಪ, ನೀಲಿ ಬಲೂನು, ವೇದಿಕೆ ಮೇಲೆ ಗಣ್ಯರು. ಬೇಡ ಅನ್ನಲ್ಲ. ಅಂಥ ಲೇಖನ ಓದಿಯೇ ಎಷ್ಟೋ ತಾಯಂದಿರಿಗೆ ಅನುಮಾನ ಬಂದು ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರಬಹುದು. ಆದರೆ ನಮ್ಮಂಥವರ ಒಂದು ತೊಂದರೆ ನಾನು ಓದಿದ ಲೇಖನಗಳಲ್ಲಿ ಎಲ್ಲೂ ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಕ್ಕಳಿಗೆ ಮಾತು ಕಲಿಸುವ ಸಾಮಾನೆಲ್ಲ ಇಂಗ್ಲಿಷಿನಲ್ಲಿದೆ, ನಮ್ಮ ಮನೆಯ ಮಾತೆಲ್ಲ ಕನ್ನಡದಲ್ಲಿದೆ.

ನಾವು ಬನಹಟ್ಟಿಯವರು. ಹಿಂದಿನ ಕೋಣೆಯಲ್ಲಿ ಪವರ್‌ಲೂಮ್ ಇದೆ, ಗಂಡ ಮತ್ತು ಮೈದುನ ನೇಯುತ್ತಾರೆ. ಮಗನಿಗೆ ಐದು ತುಂಬಿದೆ, ಅವನಿಗೆ ಆಟಿಸಂ ಇದೆ. ಮಗ್ಗದ ಸದ್ದಿಗೆ ಹೊರಗಿನಿಂದ ಬಂದವರು ಕಿವಿ ಮುಚ್ಚಿಕೊಳ್ಳುತ್ತಾರೆ, ಇವನಿಗೆ ಅದರಿಂದ ಏನೂ ಆಗಲ್ಲ, ಪಕ್ಕದಲ್ಲೇ ಕೂತು ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಾನೆ, ಒಂದು ಸ್ವಲ್ಪ ಸರಿದರೂ ಮತ್ತೆ ಮೊದಲಿನಿಂದ ಶುರು. ಕುಕ್ಕರ್ ಸೀಟಿ ಹೊಡೆದರೆ ಮಾತ್ರ ಓಡಿಹೋಗಿ ಮೂಲೆ ಸೇರುತ್ತಾನೆ. ಕರೆಂಟ್ ಹೋಗಿ ಮಗ್ಗ ನಿಂತರಂತೂ ಕಿರುಚಾಟ. ಸದ್ದಾದರೆ ಅಳುವ ಮಕ್ಕಳ ಬಗ್ಗೆ ಓದಿದ್ದೆ, ಸದ್ದು ನಿಂತಿತು ಅಂತ ಅಳುವುದನ್ನು ಮನೆಯಲ್ಲೇ ನೋಡಿದೆ. ಒಂದು ಆಟಿಸಂ ಮಗುವಿನಂತೆ ಇನ್ನೊಂದು ಇರಲ್ಲ ಅಂತ ಡಾಕ್ಟರು ಹೇಳುವುದು ಸುಮ್ನೆ ಅಲ್ಲ.

ಮಾತಿಗೆ ಬರುತ್ತೇನೆ. ಇವನು ಎ ಯಿಂದ ಝಡ್‌ವರೆಗೆ ಹೇಳುತ್ತಾನೆ, ಹಿಂದಿನಿಂದಲೂ ಹೇಳುತ್ತಾನೆ. ಬಣ್ಣಗಳೆಲ್ಲ ಗೊತ್ತು. ಹೆಕ್ಸಾಗನ್ ಅಂತಾನೆ, ನನಗೇ ಅದೇನು ಅಂತ ಹುಡುಕಬೇಕಾಯಿತು. ಎಲ್ಲ ಮೊಬೈಲಿನ ಹಾಡು ಕೇಳಿ ಕಲಿತದ್ದು. ಮನೆಗೆ ಬಂದವರು "ಎಷ್ಟ್ ಶಾಣ್ಯಾ ಅದಾನ್ವಾ, ಏನೂ ಆಗಿಲ್ಲ ಬಿಡು" ಅಂದು ಚಹಾ ಕುಡಿದು ಹೋಗುತ್ತಾರೆ. ಆದರೆ ಹಸಿವಾದರೆ ಹಸಿವು ಅನ್ನಲ್ಲ. ನೀರಡಿಕೆಯಾದರೆ ನೀರು ಅನ್ನಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಚುರುಮುರಿ ಡಬ್ಬಿಯ ಮೇಲೆ ಇಡುತ್ತಿದ್ದ, ಮುಖ ಕೂಡ ನೋಡುತ್ತಿರಲಿಲ್ಲ, ಡಬ್ಬಿ ತೆಗೆಯುವುದು ನನ್ನ ಕೈ ಅಷ್ಟೇ, ನಾನಲ್ಲ ಅನ್ನುವ ಹಾಗೆ. ಹೊಟ್ಟೆ ನೋವೋ, ಕಿವಿ ನೋವೋ, ಅಳುವ ಮಗುವಿನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಬೇಕು. ಎಷ್ಟು ಶಬ್ದ ಬರುತ್ತವೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಬೇಕಾದ್ದನ್ನು ಇನ್ನೊಬ್ಬರಿಗೆ ತಿಳಿಸಲು ಬರುತ್ತದಾ ಅಂತ ಯಾರೂ ಕೇಳಲ್ಲ.

ಥೆರಪಿಗೆ ಅಂತ ಊರು ಬಿಟ್ಟು ದೊಡ್ಡ ಊರಿಗೆ ಹೋದೆವು. ಎಲ್ಲಿ ಅಂತ ಬರೆಯಲ್ಲ, ಅವರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಅಲ್ಲಿನ ಮೇಡಂ ಒಳ್ಳೆಯವರು, ಮಗುವಿನ ಜೊತೆ ನೆಲದ ಮೇಲೆ ಕೂತು ಆಡುತ್ತಿದ್ದರು. ಅವರು ಹೇಳಿದ ಒಂದು ಮಾತು ಮಾತ್ರ ನಮ್ಮ ಮನೆಯನ್ನೇ ಬುಡಮೇಲು ಮಾಡಿತು. ಮಗುವಿಗೆ ಇಂಗ್ಲಿಷ್ ಬರುತ್ತಿದೆ, ಎರಡೆರಡು ಭಾಷೆ ಆದರೆ ಗೊಂದಲ ಆಗುತ್ತದೆ, ಮನೆಯಲ್ಲೂ ಇಂಗ್ಲಿಷ್ ಒಂದರಲ್ಲೇ ಮಾತಾಡಿ ಅಂದರು. ನಾನು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವಳು. ಗಂಡ ಏಳನೇ ತರಗತಿ. ಅತ್ತೆಗೆ ಸಹಿ ಮಾಡಲು ಬರುತ್ತದೆ, ಅಷ್ಟೇ. ನನಗೆ ಬಂದಷ್ಟು ಕಮ್, ಗೋ, ಈಟ್, ಸಿಟ್ ಅಂತ ಮಾತಾಡಿದೆವು. ಲಾಲಿ ಹಾಡುವುದು ನಿಂತಿತು, ಬೈಯುವುದು ಕೂಡ ನಿಂತಿತು, ಯಾಕಂದರೆ ಇಂಗ್ಲಿಷಿನಲ್ಲಿ ಬೈಯಲು ನನಗೆ ಬರಲ್ಲ. ಅತ್ತೆಯಂತೂ ಮೊಮ್ಮಗನ ಹತ್ತಿರ ಬಾಯಿ ಬಿಡುವುದನ್ನೇ ಬಿಟ್ಟರು. ದಿನಾ ಅವನನ್ನು ಕಾಲ ಮೇಲೆ ಕೂರಿಸಿಕೊಂಡು ಏನೇನೋ ಹೇಳುತ್ತಿದ್ದವರು ಅವರೇ. ಕೇಳಿದರೆ "ನಾ ಮಾತಾಡಿದ್ರ ಕೂಸು ಇನ್ನೂ ಕೆಡ್ತೈತೇನೊ ಯವ್ವಾ" ಅಂದರು. ಇಡೀ ದಿನ ಮಗುವಿನ ಜೊತೆ ಇರುವವರ ಬಾಯಿ ಮುಚ್ಚಿಸಿ ಮಗುವಿಗೆ ಮಾತು ಕಲಿಸುವುದು ಹೇಗೆ, ನೀವೇ ಹೇಳಿ.

ಆಮೇಲೆ ಇನ್ನೊಬ್ಬ ಡಾಕ್ಟರು ಇದನ್ನು ಕೇಳಿ ತಲೆ ಚಚ್ಚಿಕೊಂಡರು. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆ ಕೇಳುವ ಮಕ್ಕಳಿಗಿಂತ ಹಿಂದೆ ಬೀಳಲ್ಲ ಅಂತ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಹೇಳಿವೆಯಂತೆ. ತಂದೆ ತಾಯಿಗೆ ಯಾವುದು ಸಲೀಸಾಗಿ ಬರುತ್ತದೋ ಅದರಲ್ಲೇ ಧಾರಾಳವಾಗಿ ಮಾತಾಡಿ, ನಗಿಸಿ, ಬೈಯಿರಿ ಅಂದರು. ಅವತ್ತೇ ಮನೆಗೆ ಬಂದು ಅತ್ತೆಗೆ ಹೇಳಿದೆ. ಈ ಒಂದು ಮಾತು ಮೊದಲೇ ಎಲ್ಲ ಮನೆಗಳಿಗೆ ತಲುಪಬೇಕು ಅನ್ನುವುದೇ ನನ್ನ ಪತ್ರದ ಅರ್ಧ ಕಾರಣ. ಯಾಕಂದರೆ ಥೆರಪಿಗೆ ಬರುವ ಬೇರೆ ತಾಯಂದಿರನ್ನೂ ಕೇಳಿದ್ದೇನೆ, ಜಮಖಂಡಿ ಕಡೆಯವರು, ಮುಧೋಳದವರು, ಅವರಲ್ಲೂ ಕೆಲವರಿಗೆ ಹೀಗೇ ಹೇಳಿ ಕಳಿಸಿದ್ದಾರೆ.

ಇನ್ನರ್ಧ ಕಾರಣ ಚಿತ್ರದ ಕಾರ್ಡುಗಳು. ಮಾತು ಬಾರದ ಮಕ್ಕಳಿಗೆ ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವುದು ಕಲಿಸುತ್ತಾರೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಪದ್ಧತಿ, ಪೆಕ್ಸ್ ಅಂತಾರೆ. ಕೇಳಲು ಸರಳ. ಮಗುವಿಗೆ ತುಂಬ ಇಷ್ಟವಾದ ವಸ್ತು ಒಬ್ಬರ ಕೈಯಲ್ಲಿ ಇರಬೇಕು, ಅವರು ಎದುರಿಗೆ ಕೂರಬೇಕು, ಏನೂ ಕೇಳಬಾರದು. ಇನ್ನೊಬ್ಬರು ಮಗುವಿನ ಹಿಂದೆ ಕೂತು, ಬಾಯಿ ಮುಚ್ಚಿಕೊಂಡು, ಅದರ ಕೈ ಹಿಡಿದು ಚಿತ್ರ ಎತ್ತಿ ಎದುರಿನವರ ಅಂಗೈಗೆ ಇಡಿಸಬೇಕು. ಇಟ್ಟ ತಕ್ಷಣ ಹೆಸರು ಹೇಳಿ ವಸ್ತು ಕೊಡಬೇಕು. ಹಿಂದಿನವರು ನಿಧಾನಕ್ಕೆ ಕೈ ಬಿಡುತ್ತಾ ಬರಬೇಕು. ಇದರಲ್ಲಿ ಮಗು ಮೊದಲು ಕಲಿಯುವುದು ಹೆಸರನ್ನಲ್ಲ, ಕೇಳಬೇಕಾದರೆ ಒಬ್ಬ ಮನುಷ್ಯನ ಹತ್ತಿರ ಹೋಗಬೇಕು ಅನ್ನುವುದನ್ನು. ಚಿತ್ರ ಕೊಟ್ಟರೆ ಮಗು ಸೋಮಾರಿಯಾಗಿ ಮಾತೇ ಆಡಲ್ಲ ಅಂತ ನಮ್ಮಲ್ಲಿ ಬಹಳ ಜನ ಹೆದರಿಸುತ್ತಾರೆ, ಹಾಗೆ ಆಗಲ್ಲ, ಚಿತ್ರದಿಂದ ಮಾತಿಗೆ ಅಡ್ಡಿ ಇಲ್ಲ.

ಆದರೆ ನಮಗೆ ಕೊಟ್ಟ ಕಾರ್ಡುಗಳಲ್ಲಿ ಏನಿತ್ತು ಗೊತ್ತಾ? ಸ್ಟ್ರಾಬೆರಿ. ಪೈ. ಹಿಮದ ಮನುಷ್ಯ. ಕೆಂಪು ಕೋಟಿನ ಬಿಳಿ ಅಜ್ಜಿ. ಹೊಗೆಕೊಳವೆ ಇರುವ ಮನೆ. ಬನಹಟ್ಟಿಯ ಹುಡುಗ ಹಿಮದ ಮನುಷ್ಯನ ಕಾರ್ಡು ಕೊಟ್ಟರೆ ನಾನು ಏನು ತಂದು ಕೊಡಲಿ? ಮಗು ಕೇಳದೇ ಇರುವ ವಸ್ತುವಿನ ಚಿತ್ರದಿಂದ ಕೇಳುವುದನ್ನು ಕಲಿಸಲು ಆಗುತ್ತದಾ? ಅದರಲ್ಲೂ ಈ ಮಕ್ಕಳಲ್ಲಿ ಬಹಳ ಮಕ್ಕಳು ಚಿತ್ರವನ್ನು ಇದ್ದದ್ದು ಇದ್ದ ಹಾಗೇ ನೋಡುತ್ತಾರೆ. ಗಾಜಿನ ಗ್ಲಾಸಿನ ಚಿತ್ರ ನನ್ನ ಮಗನಿಗೆ ನೀರು ಅಲ್ಲ, ಅವನಿಗೆ ನೀರು ಅಂದರೆ ನಮ್ಮ ಮನೆಯ ಸ್ಟೀಲಿನ ಲೋಟ, ಅದೂ ಅಂಚು ನೆಗ್ಗಿದ್ದು.

ಹಾಗಾಗಿ ನಾವೇ ಮಾಡಿಕೊಂಡೆವು. ಮೈದುನನ ಮೊಬೈಲಿನಲ್ಲಿ ಫೋಟೊ ತೆಗೆದೆವು. ಆ ಲೋಟ, ಕಟಕ ರೊಟ್ಟಿ, ಮೊಸರಿನ ಬಟ್ಟಲು, ಚುರುಮುರಿ ಡಬ್ಬಿ, ಬಚ್ಚಲ ಬಾಗಿಲು, ಕೌದಿ, ಅಜ್ಜಿ, ಕಂಡಿಕೆ. ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿ, ಚಪ್ಪಲಿ ಪಟ್ಟಿಗೆ ಇರುತ್ತಲ್ಲ ಆ ವೆಲ್ಕ್ರೊ ಹಚ್ಚಿ, ಒಂದು ಹಳೇ ಫೈಲಿಗೆ ಅಂಟಿಸಿದೆವು. ಅಂಗಡಿಯವ ರೊಟ್ಟಿಯ ಫೋಟೊ ನೋಡಿ ನಕ್ಕ, ಹೋಟೆಲ್ ಇಡ್ತೀರೇನ್ರಿ ಅಂತ. ಹಿಂದೆ ಕೂರುವ ಕೆಲಸ ನನ್ನದು, ಎದುರಿಗೆ ಕೂರುವವರು ಅತ್ತೆ. ಅವರು ಬಹಳ ಚೆನ್ನಾಗಿ ಮಾಡುತ್ತಾರೆ, ಬಾಯಿ ಮುಚ್ಚಿಕೊಂಡು ಕಾಯುವುದನ್ನು ಮಾತ್ರ ಅವರಿಗೆ ಕಲಿಸಬೇಕಾಯಿತು. ಈಗ ಮಗ ಮೊಸರಿನ ಕಾರ್ಡು ಹಿಡಿದುಕೊಂಡು ಪಡಸಾಲೆಯಿಂದ ಅಡುಗೆಮನೆಗೆ ಬರುತ್ತಾನೆ. ಒಮ್ಮೊಮ್ಮೆ "ಮೊಸರ ಬೇಕೇನ್" ಅಂತಾನೆ. ನಾವು ಕೇಳುವ ಪ್ರಶ್ನೆಯನ್ನೇ ಅವನು ತನ್ನ ಬೇಡಿಕೆ ಮಾಡಿಕೊಂಡಿದ್ದಾನೆ, ಇಂಥ ಮಕ್ಕಳಲ್ಲಿ ಇದು ಸಾಮಾನ್ಯ. ಆದ್ದರಿಂದ ಈಗ ನಾವು ಪ್ರಶ್ನೆ ಕೇಳಲ್ಲ, ಅವನು ಹೇಳಬೇಕಾದ ಹಾಗೇ "ಮೊಸರ ಬೇಕು" ಅನ್ನುತ್ತೇವೆ. ಕರೆಂಟ್ ಹೋದಾಗ ತೋರಿಸಲು ಆರಿದ ಬಲ್ಬಿನ ಕಾರ್ಡೂ ಮಾಡಿದ್ದೇವೆ. ಕಿರುಚುವುದು ನಿಂತಿಲ್ಲ, ಕಡಿಮೆಯಾಗಿದೆ.

ಮೊಬೈಲಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುಗರು ಅದನ್ನೇ ಬರೆಯುತ್ತಾರೆ. ಮೊಬೈಲ್ ನೋಡಿ ಆಟಿಸಂ ಬಂತು ಅಂತ ಓಣಿಯವರೆಲ್ಲ ನನಗೆ ಹೇಳಿ ಆಯಿತು. ಈಗ ವರ್ಚುವಲ್ ಆಟಿಸಂ ಅಂತ ಬೇರೆ ಹೆಸರು ಇಟ್ಟಿದ್ದಾರೆ, ಅಂಥದ್ದೊಂದು ಕಾಯಿಲೆ ವೈದ್ಯರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಆಟಿಸಂ ಇದ್ದರೆ ಮಿದುಳು ಬೆಳೆಯುವ ರೀತಿಯೇ ಬೇರೆ, ಅದು ಹುಟ್ಟುವ ಮೊದಲೇ ಶುರುವಾಗಿರುತ್ತದೆ, ವಂಶವಾಹಿಯ ಪಾಲು ದೊಡ್ಡದು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಇದನ್ನು ವಿವರಿಸಿ ಬರೆದಾಗ ಮೊಬೈಲ್ ಎಲ್ಲಿತ್ತು? ಆಗ ಮೊಬೈಲ್ ಇರಲಿಲ್ಲ ಅಂತ ಮುಂದೆ ತಾಯಂದಿರ ಮೇಲೆ ಹಾಕಿದರು, ಪ್ರೀತಿ ಸಾಲಲಿಲ್ಲ ಅಂತ. ಮೊಬೈಲ್ ಜಾಸ್ತಿ ಕೊಡಬಾರದು, ಸರಿ, ಅದು ಯಾವ ಮಗುವಿಗೂ ಒಳ್ಳೆಯದಲ್ಲ.

ಸರ್ಕಾರದ ಕಡೆ ಏನೂ ಇಲ್ಲ ಅಂತ ಹೇಳಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು, ಅವರು ನೋಡಬೇಕಾದ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಜಿಲ್ಲೆಗೊಂದು ಕೇಂದ್ರ ಇರಬೇಕು ಅಂತಲೂ ಆ ಯೋಜನೆಯಲ್ಲಿದೆ. ಆದರೆ ಜಿಲ್ಲೆ ಅಂದರೆ ನಮಗೆ ಬಾಗಲಕೋಟೆ. ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ಇಲ್ಲ, ಮಗ ಸಣ್ಣವ, ಅವನಿಗೂ ಇಲ್ಲ, ಇದು ನಿಜವಾಗಿ ದೊಡ್ಡ ಉಪಕಾರ, ನಗಬೇಡಿ, ಮೊದಲು ಥೆರಪಿಯ ಫೀಸಿನ ಜೊತೆ ಬಸ್ಸಿನ ಖರ್ಚನ್ನೂ ಕೂಡಿಸಿ ನೋಡಿ ಹೋಗುವುದೇ ಬೇಡ ಅನ್ನುತ್ತಿದ್ದೆವು. ಆದರೆ ತುಂಬಿದ ಬಸ್ಸು, ಬ್ರೇಕಿನ ಕೀರಲು, ಮೈಗೆ ಮೈ ತಾಗುವ ಜನ, ಇದೆಲ್ಲ ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗು ಸೋತು ಹೋಗಿರುತ್ತದೆ, ಮುಕ್ಕಾಲು ಗಂಟೆಯ ಥೆರಪಿಯಲ್ಲಿ ಅರ್ಧ ಅಳುವುದರಲ್ಲೇ ಮುಗಿಯುತ್ತದೆ. ಬಾಗಲಕೋಟೆ–ಕುಡಚಿ ರೈಲು ಬರುತ್ತದೆ ಅಂತ ಬಹಳ ವರ್ಷದಿಂದ ಕೇಳುತ್ತಿದ್ದೇವೆ, ಬಂದಾಗ ಬರಲಿ. ಅದಕ್ಕಿಂತ ಒಬ್ಬ ಸ್ಪೀಚ್ ಥೆರಪಿಸ್ಟ್ ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಗೆ ಬಂದರೆ ಸಾಕು. ಅವರು ಮಗುವಿಗಲ್ಲ, ನಮಗೆ ಕಲಿಸಲಿ. ವಾರದ ಉಳಿದ ದಿನ ಮಗುವಿನ ಜೊತೆ ಇರುವವರು ನಾವೇ ಅಲ್ವಾ.

ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಮಾನಸಿಕ ಆರೋಗ್ಯಕ್ಕೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್. ತಿಳಿದವರಿಗೆ ಬರ ಇಲ್ಲ. ಅವರೆಲ್ಲ ಸೇರಿ ಕನ್ನಡದ ಒಂದು ಕಾರ್ಡಿನ ಗಂಟು ಮಾಡಿ ಎಲ್ಲ ಅಂಗನವಾಡಿಗೂ ಕಳಿಸಿದರೆ ಎಷ್ಟು ಖರ್ಚಾದೀತು? ಕರಾವಳಿಗೆ ಗಂಜಿ, ಮೀನು ಇರಲಿ, ಹಾಸನದ ಕಡೆ ಮುದ್ದೆ ಇರಲಿ, ನಮಗೆ ರೊಟ್ಟಿ, ಹಿಂಡಿ. ಚಿತ್ರದ ಕೆಳಗೆ ಆಯಾ ಕಡೆ ಆಡುವ ಮಾತೇ ಇರಲಿ.

ಬರುವ ವರ್ಷ ಇವನನ್ನು ಒಂದನೇ ತರಗತಿಗೆ ಸೇರಿಸಬೇಕು. ಅಂಗವಿಕಲರ 1995ರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ, 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಲ್ಲಿ ಅದೂ ಸೇರಿದೆ. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಸರ್ಟಿಫಿಕೇಟಿಗೆ ಮೊದಲು 40 ಅಂಶಗಳ ಒಂದು ಪಟ್ಟಿ ಇಟ್ಟುಕೊಂಡು ಅಳೆಯುತ್ತಾರೆ, ಒಂದೊಂದಕ್ಕೂ ಐದರವರೆಗೆ ಅಂಕ, ಒಟ್ಟು 70 ಮುಟ್ಟಿದರೆ ಆಟಿಸಂ ಅಂತ. ಅದೂ ಇಂಗ್ಲಿಷಿನಲ್ಲೇ ಇತ್ತು, ಕೇಳುವವರು ಅಲ್ಲೇ ಕನ್ನಡ ಮಾಡಿ ನನಗೆ ಹೇಳುತ್ತಿದ್ದರು, ಕೆಲವು ಪ್ರಶ್ನೆ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಶಾಲೆಯವರ ಹತ್ತಿರ ನಾನು ಕೇಳುವುದು ಇಷ್ಟೇ: ಪಾಟಿಚೀಲದಲ್ಲಿ ಆ ಕಾರ್ಡಿನ ಫೈಲ್ ಇರುತ್ತದೆ, ಅವನು ಬಚ್ಚಲಿನ ಚಿತ್ರ ತಂದು ಕೊಟ್ಟರೆ ಹೊರಗೆ ಬಿಡಿ, ಗದರಬೇಡಿ.

ಕೊನೆಗೆ ನಿಮ್ಮ ಪತ್ರಿಕೆಗೇ ಒಂದು ಕೋರಿಕೆ. ಸರ್ಕಾರ ಮಾಡುವಾಗ ಮಾಡಲಿ. ಭಾನುವಾರದ ಮಕ್ಕಳ ಪುಟದಲ್ಲಿ ತಿಂಗಳಿಗೊಮ್ಮೆ ಅರ್ಧ ಪುಟ ಇಂಥ ಚಿತ್ರ ಹಾಕಿ, ನಾವು ಕತ್ತರಿಸಿ ರಟ್ಟಿಗೆ ಅಂಟಿಸಿಕೊಳ್ಳುತ್ತೇವೆ. ಪತ್ರಿಕೆ ಹಳ್ಳಿ ಹಳ್ಳಿಗೂ ಹೋಗುತ್ತದೆ, ಥೆರಪಿಸ್ಟ್ ಹೋಗಲ್ಲ. ಒಂದು ಚಿತ್ರದಲ್ಲಿ ಒಂದೇ ವಸ್ತು ಇರಲಿ. ಹಿಂದೆ ಗಿಡ, ಹೂವು, ಅಲಂಕಾರ ಬೇಡ, ಖಾಲಿ ಬಿಡಿ. ಬರೆದ ಚಿತ್ರಕ್ಕಿಂತ ಫೋಟೊ ಒಳ್ಳೆಯದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರಲಿ, ಮಗುವಿನ ಕೈಗೆ ಸಿಗಬೇಕು. ಮತ್ತೆ ಆ ಪುಟದ ಹಿಂಬದಿಗೆ ಪದಬಂಧ ಹಾಕಬೇಡಿ, ನಮ್ಮ ಮಾವ ಕತ್ತರಿಸಲು ಬಿಡುವುದಿಲ್ಲ.

ನನ್ನ ಹೆಸರು ಹಾಕಬೇಡಿ ಅಂತ ವಿನಂತಿ.

– ಒಬ್ಬ ತಾಯಿ, ಬನಹಟ್ಟಿ, ಬಾಗಲಕೋಟೆ ಜಿಲ್ಲೆ