ಪಾಕವಿಧಾನದಲ್ಲಿ ಹಿಂದಿನ ರಾತ್ರಿಯ ಕೆಲಸವೂ ಇರಲಿ

ಮಾನ್ಯರೇ,

ಮಕ್ಕಳ ಸಂಜೆಯ ತಿಂಡಿ ಎಂದರೆ ಈಗ ಪ್ಯಾಕೆಟ್ ತಿನಿಸು ಎಂಬಂತಾಗಿದೆ. ಇದಕ್ಕೆ ಮನೆಯವರ ಸೋಮಾರಿತನ ಕಾರಣ ಎನ್ನುವುದು ಅನ್ಯಾಯದ ಮಾತು. ದುಡಿದು ಸುಸ್ತಾಗಿ ಬಂದಾಗ ಹಸಿದ ಮಗು ಎದುರಿಗೆ ನಿಂತರೆ, ಕೈಗೆ ಸಿಕ್ಕಿದ್ದನ್ನೇ ಕೊಡುತ್ತೇವೆ ಅಲ್ವಾ?

ರಾತ್ರಿ ಮಲಗುವ ಮುಂಚೆ ಒಂದು ಬಟ್ಟಲು ಕಡಲೆಕಾಳು ನೆನೆಹಾಕಲು ಎರಡು ನಿಮಿಷ ಸಾಕು. ಬೆಳಿಗ್ಗೆ ಉಬ್ಬಿದ ಕಾಳನ್ನು ಮೆತ್ತಗೆ ಬೇಯಿಸಿ, ನೀರು ಬಸಿದು ಫ್ರಿಜ್‌ನಲ್ಲಿಡಬೇಕು. ಸಂಜೆ ಅದಕ್ಕೆ ಸೌತೆಕಾಯಿ, ಟೊಮೆಟೊ ಹೆಚ್ಚಿ ಹಾಕಿ ನಿಂಬೆರಸ ಹಿಂಡಿದರೆ ಆಯ್ತು. ನಿಂಬೆ ಸುಮ್ನೆ ರುಚಿಗಷ್ಟೇ ಅಲ್ಲ. ಅದರಲ್ಲಿರುವ ವಿಟಮಿನ್ ಸಿ, ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಸಿಪ್ಪೆಸಹಿತ ಕಾಳಿನಲ್ಲಿ ನಾರಿನಂಶ ಜಾಸ್ತಿ, ಹೊಟ್ಟೆಯೂ ಬೇಗ ಹಸಿಯುವುದಿಲ್ಲ.

ಸಿಹಿ ಬೇಕೆಂದು ಹಟ ಹಿಡಿದರೆ ಇಡೀ ಹಣ್ಣು ಕೊಡಿ, ಜ್ಯೂಸ್ ಬೇಡ. ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಜೇನುತುಪ್ಪ, ಹಣ್ಣಿನ ರಸದ ಸಕ್ಕರೆಯೂ ಆ ಲೆಕ್ಕಕ್ಕೆ ಸೇರುತ್ತದೆ, ಇಡೀ ಹಣ್ಣಿನದು ಸೇರುವುದಿಲ್ಲ. ಇದು ಬಹಳ ಪೋಷಕರಿಗೆ ತಿಳಿದೇ ಇಲ್ಲ.

ಪತ್ರಿಕೆಗಳ ಅಡುಗೆ ಅಂಕಣದಲ್ಲಿ ಹಬ್ಬದೂಟದ ವಿಧಾನಗಳೇ ತುಂಬಿರುತ್ತವೆ. ವಾರಕ್ಕೊಂದಾದರೂ ಇಂತಹ ಸರಳ ತಿಂಡಿ ಬರಲಿ. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ದಿನ ಇಡಬಹುದು, ಯಾವ ವಯಸ್ಸಿನ ಮಗುವಿಗೆ ಹೇಗೆ ಕೊಡಬೇಕು ಎಂಬುದೂ ಜೊತೆಗಿರಲಿ. ಪುಟ್ಟ ಮಕ್ಕಳಿಗೆ ಇಡೀ ಬಾದಾಮಿ, ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಪುಡಿ ಮಾಡಿ ಕೊಡಿ ಎಂಬ ಎಚ್ಚರಿಕೆಯನ್ನೂ ತಪ್ಪದೆ ಅಚ್ಚುಮಾಡಿ.

– ಒಬ್ಬ ಓದುಗರು