ಹೊರಡುವ ಹೊತ್ತು ಮೀರಿತ್ತು

ಮಾನ್ಯರೇ,

ಅಮೆರಿಕದ ಅಧ್ಯಕ್ಷೀಯ ಚುನಾವಣೆಗಾಗಿ 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ನಡೆದ ಚರ್ಚೆಯನ್ನು ಮರೆಯಲು ನನಗೆ ಇನ್ನೂ ಆಗಿಲ್ಲ. ಆಗ 81 ವರ್ಷದ ಜೋ ಬೈಡನ್ ಮಾತಿನ ಎಳೆ ತಪ್ಪಿ ತಡವರಿಸಿದರು. ಗಂಟಲು ಕಟ್ಟಿತ್ತು. ‘ಕೊನೆಗೂ ಮೆಡಿಕೇರ್ ಅನ್ನು (ಅಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸೋಲಿಸಿದೆವು’ ಎಂದು ಏನೋ ಹೇಳಲು ಹೋಗಿ ಏನೋ ಆಯಿತು. ಎದುರಿಗಿದ್ದ ಟ್ರಂಪ್ ಅವರೂ ಹರೆಯದವರೇನಲ್ಲ, 78 ವರ್ಷ. ಆದರೆ ಅಧಿಕಾರದಲ್ಲಿದ್ದವರು ಬೈಡನ್.

ಅವರು ಕಣದಿಂದ ಸರಿದದ್ದು ಜುಲೈ 21ರಂದು. ಅವರ ಬದಲು ಅಭ್ಯರ್ಥಿಯಾದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ಚುನಾವಣೆಗೆ ಉಳಿದದ್ದು 107 ದಿನ. ಅಷ್ಟರಲ್ಲಿ ಪಕ್ಷದ ಪ್ರೈಮರಿಗಳೆಲ್ಲ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆಗಳೆಲ್ಲ, ಮುಗಿದಿದ್ದವು. ಬೇರೊಬ್ಬರನ್ನು ಆರಿಸುವ ಅವಕಾಶವೇ ಮತದಾರರಿಗೆ ಸಿಗಲಿಲ್ಲ. ನನಗೆ ಹೆಚ್ಚು ನೋವಾದದ್ದು ಇದೇ. 1968ರಲ್ಲಿ ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾರ್ಚ್ 31ಕ್ಕೇ ‘ಸ್ಪರ್ಧಿಸುವುದಿಲ್ಲ’ ಎಂದಿದ್ದರು. ತಾನು ಹೊಸ ತಲೆಮಾರಿಗೆ ಸೇತುವೆ ಎಂದು 2020ರಲ್ಲಿ ಹೇಳಿದವರು ಸ್ವತಃ ಬೈಡನ್.

ನಮ್ಮ ತಂದೆ 80 ದಾಟಿದ ಮೇಲೂ ಸ್ಕೂಟರ್ ಕೀಲಿ ಕೊಡಲಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆಂದು ನಾವೂ ಕೇಳಲಿಲ್ಲ, ಗೇಟಿಗೆ ಗುದ್ದಿಕೊಂಡ ದಿನದವರೆಗೆ. ಬೈಡನ್ ಆಪ್ತರೂ ಹಾಗೆಯೇ ಸುಮ್ಮನಿದ್ದರು ಅನ್ನಿಸುತ್ತದೆ. 2022ರ ನವೆಂಬರಿನ ಮಧ್ಯಂತರ ಚುನಾವಣೆ ಮುಗಿದ ಕೂಡಲೇ ‘ಇನ್ನು ಸಾಕು’ ಎಂದು ಅವರಲ್ಲೊಬ್ಬರಾದರೂ ಎದುರು ಕೂತು ಹೇಳಬೇಕಿತ್ತು.

– ಒಬ್ಬ ಓದುಗ, ಧಾರವಾಡ